ಕಿತ್ತೂರಿನ ಕಾಡಿನ ಮಂಗಟ್ಟೆ

ಹೋದ ವರ್ಷ ಕಿತ್ತೂರಿನ ಪಶ್ಚಿಮದ ಕಾಡುದಾರಿಯಲ್ಲಿ ನನಗೂ ಗೆಳೆಯ ವಿರೂಪಾಕ್ಷನಿಗೂ ಮಂಗಟ್ಟೆ ಹಕ್ಕಿಯ ಜೋಡಿ ಕಂಡಿತ್ತು. ಹೆಣ್ಣು ಮರದ ಪೊಟರೆಯೊಳಗೆ ಮೊಟ್ಟೆಯಿಟ್ಟು, ಪೊಟರೆಯ ಬಾಯಿಗೆ ಒಳಗಿನಿಂದಲೇ ಗಾರೆ ಮೆತ್ತಿಕೊಂಡು ಕುಳಿತಿತ್ತು; ಗಂಡು ಸಣ್ಣ ಸೀಳಿನಿಂದ ಹಣ್ಣು ತಿನ್ನಿಸುತ್ತಿತ್ತು. ಅದನ್ನು ಪತ್ರಿಕೆಗೆ ಬರೆದೆ. ಜಾಗದ ಹೆಸರು ಹಾಕಬೇಡ ಎಂದು ವಿರೂಪಾಕ್ಷ ಹೇಳಿದ್ದ. ನಾನು ಕೇಳಲಿಲ್ಲ.

ಇಂದು ಬೆಳಿಗ್ಗೆ ಹೋಗಿ ನೋಡಿದರೆ ಮರಿ ಬೆಳೆದ ಮೇಲೆ ಹೆಣ್ಣು ಒಡೆದು ಹೊರಬರಬೇಕಿದ್ದ ಪೊಟರೆಯ ಗಾರೆ ಹಾಗೆಯೇ ಇತ್ತು. ದಾರಿಯುದ್ದಕ್ಕೂ ಹುಡುಕಿದೆವು, ಹಕ್ಕಿ ಕಾಣಲಿಲ್ಲ. ಕಟ್ಟಿಗೆ ಆರಿಸುತ್ತಿದ್ದ ಮುದುಕಿಯನ್ನು ಕೇಳಿದೆವು.

"ಆ ದೊಡ್ಡ ಕೊಕ್ಕಿನ ಹಕ್ಕಿ ಏನ್ರಿ? ಪೇಪರಿನ್ಯಾಗ ಓದೇವಿ ಅಂತ ಪ್ಯಾಟಿ ಮಂದಿ ಜೀಪಿನ್ಯಾಗ ಬಂದಿದ್ರು. ಗಂಡು ಹಕ್ಕೀನ ಗುಂಡ ಹೊಡದು ಒಯ್ದ್ರು."

"ಹೆಣ್ಣು ಏನಾತ ಯವ್ವಾ?" ಎಂದ ವಿರೂಪಾಕ್ಷ.

"ಒಳಗ ಇತ್ತಲ್ರಿ. ತಿನ್ನಾಕ ತಂದು ಕೊಡವರು ಯಾರು? ಏಳೆಂಟು ದಿನ ಒದರತಿತ್ತು. ಆಮ್ಯಾಲ ಕೇಳಿಸಲಿಲ್ಲ. ಆ ಪೊಟರಿ ನನ್ನ ಕೈಗೆ ಎಟಕತಿರಲಿಲ್ರಿ."

ಬರೆದವನು ನಾನೇ ಎಂದು ಆಕೆಗೆ ಹೇಳಬೇಕೆನಿಸಿತು. ಹೇಳದೆಯೇ ಬಸ್ಸಿನ ದಾರಿ ಹಿಡಿದೆ.

ಬೈಲಹೊಂಗಲದ ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಖಾಲಿಯಿದ್ದರೂ ವಿರೂಪಾಕ್ಷ ಮುಂದೆ ಹೋಗಿ ಕಂಬಿ ಹಿಡಿದು ನಿಂತ. ಇಷ್ಟು ಬರೆದು ತಲೆಯೆತ್ತಿದೆ. ಇನ್ನೂ ನಿಂತೇ ಇದ್ದಾನೆ.