ಮಿಲುಂಕಾ ಆರಿಸಿ ಕೊಡುವ ಹಲಗೆ

ಕೆರೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಮಿಲುಂಕಾ ಗ್ರೂಬಾಚ್ ಮರದ ಶೆಡ್ಡಿನ ಬಾಗಿಲನ್ನು ಭುಜ ಕೊಟ್ಟು ತಳ್ಳುತ್ತಾರೆ. ರಾತ್ರಿಯ ತೇವಕ್ಕೆ ಊದಿಕೊಂಡ ಬಾಗಿಲು, ಎರಡನೇ ಸಲ ತಳ್ಳಿದಾಗ ತೆರೆಯುತ್ತದೆ. ಒಳಗೆ ವೇಕ್‌ಬೋರ್ಡುಗಳು ಗೋಡೆಗೊರಗಿ ನಿಂತಿವೆ, ಗಿಡ್ಡದರಿಂದ ಉದ್ದದ್ದಕ್ಕೆ, ಶಾಲೆಯ ವ್ಯಾಯಾಮದ ಸಾಲಿನಂತೆ. ಇಲ್ಲಿ ಎಲ್ಲರೂ ಅವನ್ನು ಹಲಗೆ ಎಂದೇ ಕರೆಯುವುದು. ಮಿಲುಂಕಾ ಒಂದೊಂದನ್ನೂ ತಿರುಗಿಸಿ ಅಡಿಭಾಗವನ್ನು ಅಂಗೈಯಿಂದ ಸವರುತ್ತಾರೆ. ಎಲ್ಲಾದರೂ ಸೀಳು ಸಿಕ್ಕರೆ ಆ ಹಲಗೆ ಬಾಗಿಲ ಹಿಂದಕ್ಕೆ ಹೋಗುತ್ತದೆ. ಬೂಟುಗಳ ಲೇಸು ಎಳೆದು ನೋಡುತ್ತಾರೆ. ಒಂದು ಲೇಸು ಕೈಯಲ್ಲೇ ಉಳಿಯುತ್ತದೆ. ಯಾರನ್ನೋ ಬೈಯುತ್ತಾರೆ, ಯಾರನ್ನು ಎಂದು ಅವರಿಗೂ ಗೊತ್ತಿಲ್ಲ.

ಜಲ್ಲಿ ತೆಗೆದು ಬಿಟ್ಟ ಹೊಂಡ ಈ ಕೆರೆ. ಸುತ್ತ ಐದು ಕಂಬಗಳು, ಮೇಲೆ ಸುತ್ತುವ ತಂತಿ ಹಗ್ಗ. ಅದರಿಂದ ಇಳಿಬಿಟ್ಟ ಹಿಡಿಯನ್ನು ಹಿಡಿದು, ಹಲಗೆಗೆ ಕಾಲು ಬಿಗಿದುಕೊಂಡು ಕಟ್ಟೆಯ ಅಂಚಿನಲ್ಲಿ ಕೂತರೆ, ಹಗ್ಗ ನಿಮ್ಮನ್ನು ನೀರಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಹೋಗುತ್ತದೆ ಎನ್ನುವುದು ಹೊರಗಿನ ನಾಮಫಲಕದಲ್ಲಿ ಬರೆದಿರುವ ಮಾತು. ಮೊದಲ ದಿನ ಹೆಚ್ಚಿನವರು ಹೋಗುವುದಿಲ್ಲ, ಬೀಳುತ್ತಾರೆ. ಎಷ್ಟು ಬೀಳುತ್ತಾರೆ ಎನ್ನುವುದರಲ್ಲಿ ಕಾಲು ಭಾಗವನ್ನಾದರೂ ಶೆಡ್ಡಿನೊಳಗಿನ ಈ ಹೆಂಗಸು ತೀರ್ಮಾನಿಸುತ್ತಾರೆ. ಹಲಗೆ ಕೊಡುವುದು ಅವರು. ತಂತಿ ಹಗ್ಗ ನಡೆಸುವವನ ಹೆಸರು ಎಲ್ಲರಿಗೂ ಗೊತ್ತು. ಹಾರಿ ತಿರುಗುವ ಹುಡುಗರ ಚಿತ್ರಗಳು ಕಾಫಿ ಅಂಗಡಿಯ ಗೋಡೆಯಲ್ಲಿವೆ. ಮಿಲುಂಕಾ ಯಾವ ಚಿತ್ರದಲ್ಲೂ ಇಲ್ಲ. ಒಂದರಲ್ಲಿ ಅವರ ಮೊಣಕೈ ಇದೆ.

ಹದಿನೆಂಟು ವರ್ಷ ಅವರು ಪಟ್ಟಣದ ಚಪ್ಪಲಿ ಕಾರ್ಖಾನೆಯ ಮಳಿಗೆಯಲ್ಲಿ ಗಿರಾಕಿಗಳ ಕಾಲಿನ ಮುಂದೆ ಮಂಡಿಯೂರಿ ಕೂತವರು. ಕಾರ್ಖಾನೆ ಮುಚ್ಚಿತು. ಆಮೇಲೆ ಇಲ್ಲಿನ ಕಾಫಿ ಅಂಗಡಿಯಲ್ಲಿ ಕಪ್ಪು ಬಸಿ ತೊಳೆಯಲು ಬಂದರು. ಒಂದು ಬೇಸಿಗೆಯಲ್ಲಿ ಹಲಗೆ ಕೊಡುವವನು ಹೇಳದೆ ಕೇಳದೆ ಸಮುದ್ರ ತೀರದ ಹೋಟೆಲಿಗೆ ಓಡಿಹೋದ. ಮಾಲೀಕ ಓಗ್ನೆನ್ ಒಂದು ವಾರ ನೋಡಿಕೋ ಚಿಕ್ಕಮ್ಮ ಎಂದ. ಆ ವಾರ ಇನ್ನೂ ಮುಗಿದಿಲ್ಲ. ಚಳಿಗಾಲದಲ್ಲಿ ಕೆರೆ ಮುಚ್ಚುತ್ತದೆ, ಸಂಬಳವೂ. ಆಗ ನಾದಿನಿಯ ಜೊತೆ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಗೊಜ್ಜು ಮಾಡಿ ಬಾಟಲಿಗೆ ತುಂಬಿ ಮಾರುತ್ತಾರೆ. ತೇವದ ನೆಲ ಮಂಡಿಗಳನ್ನು ತಿಂದಿದೆ. ಆದರೂ ಹೊಸಬರ ಬೂಟನ್ನು ಅವರೇ ಕೂತು ಬಿಗಿಯುತ್ತಾರೆ. "ಅವ್ರೇ ಕಟ್ಕೊಂಡ್ರೆ ಸಡಿಲ ಕಟ್ಕೋತಾರೆ. ಹಿಮ್ಮಡಿ ಒಳಗೆ ಎದ್ದಾಡಿದ್ರೆ ಹಲಗೆ ಅವರ ಮಾತು ಕೇಳಲ್ಲ," ಎನ್ನುತ್ತಾರೆ.

ಬೆಳಗಿನ ಮೊದಲ ಗಿರಾಕಿ ಹಲ್ಲಿನ ವೈದ್ಯರ ಬಳಿ ಕೆಲಸ ಮಾಡುವ ತೆಳ್ಳಗಿನ ಹುಡುಗಿ. ಅವಳ ಕಣ್ಣು ಗುಲಾಬಿ ಬಣ್ಣದ ಹಲಗೆಯ ಮೇಲೆ.

"ಅದು ಕೊಡಿ ಚಿಕ್ಕಮ್ಮ."

"ಮೊದ್ಲು ತಕ್ಕಡಿ ಹತ್ತು."

ತಕ್ಕಡಿಯ ಮುಳ್ಳಿನ ಮೇಲೆ ಟವೆಲ್ ಹೊದಿಸಿದೆ. ಮಿಲುಂಕಾ ಒಬ್ಬರೇ ಅದರ ತುದಿ ಎತ್ತಿ ನೋಡುತ್ತಾರೆ, ಯಾರಿಗೂ ಹೇಳುವುದಿಲ್ಲ. "ತೂಕ ಬಾಯಲ್ಲಿ ಕೇಳಿದ್ರೆ ಹೆಂಗಸರು ಕಮ್ಮಿ ಹೇಳ್ತಾರೆ, ಗಂಡು ಹುಡುಗರು ಜಾಸ್ತಿ ಹೇಳ್ತಾರೆ. ನೀರಿಗೆ ಇಬ್ಬರ ಸುಳ್ಳೂ ಗೊತ್ತಾಗುತ್ತೆ," ಎಂದು, ಅವರ ಬಗ್ಗೆ ಬರೆಯಲು ಬಂದು ಮೂಲೆಯಲ್ಲಿ ಕೂತ ನನ್ನತ್ತ ತಿರುಗುತ್ತಾರೆ. ಹುಡುಗಿ ಇಳಿದು ಚಪ್ಪಲಿ ಹುಡುಕುತ್ತಿರುವಾಗ ಅವಳ ಬೆನ್ನನ್ನು ಮೆಲ್ಲಗೆ ತಳ್ಳುತ್ತಾರೆ.

"ಅಯ್ಯೋ! ಏನ್ ಮಾಡ್ತೀರಾ!"

"ಬಲಗಾಲು ಮುಂದೆ ಬಂತು. ನೀನು ಬಲಗಾಲಿನವಳು, ಹಲಗೆ ಮೇಲೂ ಅದೇ ಮುಂದಿರ್ಲಿ. ಕೇಳಿದ್ರೆ ಯೋಚನೆ ಮಾಡಿ ತಪ್ಪು ಹೇಳ್ತಿದ್ದೆ."

ಗುಲಾಬಿ ಹಲಗೆ ಅವಳಿಗೆ ಸಿಗುವುದಿಲ್ಲ. ಮಿಲುಂಕಾ ಅದನ್ನೂ ಒಂದು ಹಸಿರು ಹಲಗೆಯನ್ನೂ ನೆಲದ ಮೇಲೆ ಅಕ್ಕಪಕ್ಕ ಇಡುತ್ತಾರೆ. ಗುಲಾಬಿಯದು ನಡುವೆ ಚಪ್ಪಟೆ, ತುದಿಗಳಲ್ಲಿ ಥಟ್ಟನೆ ಮೇಲೆದ್ದಿದೆ. ಹಸಿರಿನದು ಕಲ್ಲಂಗಡಿ ಹೋಳಿನ ಸಿಪ್ಪೆಯಂತೆ ತುದಿಯಿಂದ ತುದಿಗೆ ಒಂದೇ ಸಮ ಬಾಗಿದೆ. "ಇದು ಹಾರೋರಿಗೆ, ಒದ್ದು ಎಬ್ಬಿಸುತ್ತೆ. ಇದು ಹೋಗೋರಿಗೆ. ನೀನು ಮೊದ್ಲು ಹೋಗು, ಆಮೇಲೆ ಹಾರು." ಹಸಿರಿನ ಅಡಿಯಲ್ಲಿ, ಅಂಚುಗಳ ಹತ್ತಿರ, ಮೀನಿನ ರೆಕ್ಕೆಯಂಥ ಸಣ್ಣ ಉಬ್ಬುಗಳಿವೆ. ಹಲಗೆ ಪಕ್ಕಕ್ಕೆ ಜಾರದಂತೆ ಅವು ನೀರನ್ನು ಹಿಡಿದುಕೊಳ್ಳುತ್ತವೆ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹಸಿರನ್ನು ಹೊತ್ತು ಹೋಗುತ್ತಾಳೆ. "ಒದ್ದೆ ತಲೇಲಿ ಬಾಗಿಲ ಎದುರು ನಿಲ್ಲಬೇಡ ಕಣೇ, ಗಾಳಿ ಹೊಡೆಯುತ್ತೆ!" ಎಂದು ಮಿಲುಂಕಾ ಕೂಗುತ್ತಾರೆ. ಹುಡುಗಿಯ ತಲೆ ಇನ್ನೂ ಒದ್ದೆಯೇ ಆಗಿಲ್ಲ.

ಜುಲೈ ತಿಂಗಳ ಶನಿವಾರ ಅರವತ್ತು ಹಲಗೆಗಳಾದರೂ ಈ ಬಾಗಿಲಿನಿಂದ ಆಚೆ ಹೋಗುತ್ತವೆ. ಆದರೆ ಈವತ್ತು ಮಿಲುಂಕಾ ಕಾಯುತ್ತಿರುವುದು ಒಬ್ಬರನ್ನು. ಬರುತ್ತಾರೋ ಇಲ್ಲವೋ ಗೊತ್ತಿಲ್ಲ.

ರಾಟೊಮಿರ್ ಶಿಲ್ಯಕ್ ಪಟ್ಟಣದ ಮಾಂಸದ ಅಂಗಡಿಯವರು, ಐವತ್ತೆಂಟರ ದೊಡ್ಡ ಆಳು. ಓಗ್ನೆನ್‌ಗೆ ಅವರು ಕೂಮ್, ಅಂದರೆ ಅವನ ಮದುವೆಗೆ ಸಾಕ್ಷಿಯಾಗಿ ಪಕ್ಕದಲ್ಲಿ ನಿಂತು, ಅವನ ಮಗಳಿಗೆ ಹೆಸರಿಟ್ಟವರು. ಇಲ್ಲಿ ಒಡಹುಟ್ಟಿದವರೊಂದಿಗೆ ಜಗಳವಾಡಬಹುದು, ಆಮೇಲೆ ಸರಿಹೋಗುತ್ತದೆ. ಕೂಮ್‌ನೊಂದಿಗೆ ಕೆಟ್ಟರೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ.

ಹೋದ ವಾರ ರಾಟೊಮಿರ್ ಮೊದಲ ಸಲ ಕೆರೆಗೆ ಬಂದರು. ಕೂಮ್ ಬಂದಿದ್ದಾರೆ, ಅಂಗಳದಲ್ಲಿ ಎಲ್ಲರೂ ನೋಡುತ್ತಿದ್ದಾರೆ. ಮಿಲುಂಕಾ ತಕ್ಕಡಿ ತೋರಿಸಲಿಲ್ಲ, ಬೆನ್ನು ತಳ್ಳಲಿಲ್ಲ. ಕೂಮ್‌ಗೆ ಗೀರು ಬಿದ್ದ, ಬಾಡಿಗೆಯ ನಂಬರು ಬಳಿದ ಹಲಗೆ ಕೊಡುವುದು ಹೇಗೆ? ಗೋಡೆಯ ಮೇಲಿನಿಂದ ಈ ವರ್ಷ ಬಂದ ಕಪ್ಪು ಬಣ್ಣದ ಹೊಸ ಹಲಗೆ ಇಳಿಸಿಕೊಟ್ಟರು. ನೂರ ಮೂವತ್ತಾರು ಸೆಂಟಿಮೀಟರ್, ಗಡಸು, ಅಡಿಯಲ್ಲಿ ರೆಕ್ಕೆ ಇಲ್ಲ, ಹಾರುವವರಿಗೆ ಮಾಡಿದ್ದು. ಕ್ವಿಂಟಲ್ ತೂಗುವ ಮನುಷ್ಯನನ್ನು ಅದು ಹೊರಲಿಲ್ಲ. ಪ್ರತಿ ಸಲ ಮೂತಿ ನೀರಿಗೆ ಕುಕ್ಕಿತು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಸಂಜೆಗೆ ಇಡೀ ಪಟ್ಟಣ ನೋಡಿತ್ತು. ಓಗ್ನೆನ್ ಬೇಕೆಂದೇ ಕಷ್ಟದ ಹಲಗೆ ಕೊಡಿಸಿ ತನ್ನನ್ನು ಕೋಡಂಗಿ ಮಾಡಿದ ಎಂದು ರಾಟೊಮಿರ್ ತೀರ್ಮಾನಿಸಿದರು. ಓಗ್ನೆನ್ ಫೋನು ಮಾಡಿದರೆ ಎತ್ತಲಿಲ್ಲ.

"ಓಗ್ನೆನ್‌ಗೆ ಹಲಗೆ ವಿಷಯವೇ ಗೊತ್ತಿರ್ಲಿಲ್ಲ," ಎನ್ನುತ್ತಾರೆ ಮಿಲುಂಕಾ. "ಅವನು ಮೇಲೆ ಮೋಟಾರ್ ಕೋಣೇಲಿದ್ದ. ಕೊಟ್ಟೋಳು ನಾನು. ಮರ್ಯಾದೆ ಕೊಡ್ತಿದೀನಿ ಅನ್ಕೊಂಡೆ."

ಗುರುವಾರ ಅವರು ಮಾಂಸದಂಗಡಿಗೆ ಹೋದರು. ಅರ್ಧ ಕಿಲೋ ಪಕ್ಕೆಲುಬು ಕೇಳಿ, ಗಿರಾಕಿಗಳ ಎದುರೇ ತಪ್ಪು ನನ್ನದು ಎಂದರು. ರಾಟೊಮಿರ್ ಕಡಿಯುವುದನ್ನು ನಿಲ್ಲಿಸಲಿಲ್ಲ. ಕಾಗದ ಸುತ್ತಿ ಕೊಡುವಾಗ ಇಷ್ಟೇ ಹೇಳಿದರಂತೆ: "ಇನ್ನೊಂದೇ ಸಲ ಬರ್ತೀನಿ. ಆ ಕಟ್ಟೆ ಬಿಟ್ಟು ಮುಂದೆ ಹೋಗಿಲ್ಲ ಅಂದ್ರೆ ನೀವು ಹೇಳಿದ್ದೂ ಸುಳ್ಳು, ಅವನೂ ಸುಳ್ಳು. ಅವನ ಮನೆ ಮೆಟ್ಲು ನಾನು ಹತ್ತಲ್ಲ."

ಹತ್ತು ಗಂಟೆಗೆ ಬಿಳಿ ವ್ಯಾನು ಬಂದು ನಿಲ್ಲುತ್ತದೆ. ರಾಟೊಮಿರ್ ಯಾರ ಕೈಯನ್ನೂ ಕುಲುಕದೆ ನೇರ ಶೆಡ್ಡಿಗೆ ನಡೆಯುತ್ತಾರೆ. ಮೋಟಾರ್ ಕೋಣೆಯ ಕಿಟಕಿಯಲ್ಲಿ ಓಗ್ನೆನ್ ತಲೆ ಒಮ್ಮೆ ಕಂಡು ಮಾಯವಾಗುತ್ತದೆ.

"ಹತ್ತಿ," ಎನ್ನುತ್ತಾರೆ ಮಿಲುಂಕಾ, ತಕ್ಕಡಿ ತೋರಿಸಿ.

"ನಾನೇನು ಹಂದಿಮರೀನಾ ಅಕ್ಕ, ತೂಗಿ ಮಾರೋಕೆ?"

"ಮರಿ ಆಗಿದ್ರೆ ತಕ್ಕಡಿ ಬೇಕಿರ್ಲಿಲ್ಲ. ಹತ್ತಿ ಕೂಮರೇ."

ಹತ್ತುತ್ತಾರೆ. ಟವೆಲ್ಲಿನ ತುದಿ ಎದ್ದು ಬೀಳುತ್ತದೆ. ಆಮೇಲೆ ಬೆನ್ನಿಗೊಂದು ನೂಕು. ರಾಟೊಮಿರ್ ಕದಲುವುದಿಲ್ಲ. ಮಿಲುಂಕಾ ಎರಡೂ ಕೈ ಕೊಟ್ಟು ಇನ್ನೊಮ್ಮೆ ತಳ್ಳುತ್ತಾರೆ. ಎಡಗಾಲು ಮುಂದೆ ಬರುತ್ತದೆ. ಸಾಲಿನ ಕೊನೆಯಿಂದ ಅವರು ಎಳೆದು ತರುವ ಹಲಗೆ ಹಳೆಯ ಹಳದಿಯದು, ನೂರ ನಲವತ್ತಾರು ಸೆಂಟಿಮೀಟರ್. ಬಿಸಿಲಿಗೆ ಬಣ್ಣ ಹೋಗಿದೆ, ಅಂಚು ಜಜ್ಜಿದೆ, ನಡುವೆ ಬಿಳಿ ಪೇಂಟಿನಲ್ಲಿ ದಪ್ಪಗೆ ಏಳು ಎಂಬ ಅಂಕಿ.

ರಾಟೊಮಿರ್ ಅದನ್ನು ನೋಡುತ್ತಾರೆ. ಮುಖ ಕೆಂಪಾಗುತ್ತದೆ. "ಇದೇನು? ಅಗಸರ ಕಟ್ಟೆ ಹಲಗೇನಾ? ಹೋದ್ವಾರ ಬೀಳಿಸಿ ನಕ್ಕಿದ್ದಾಯ್ತು, ಈವತ್ತು ಇದನ್ನ ಹೊರಿಸಿ ಮೆರವಣಿಗೆನಾ?"

"ನಿಮ್ಮಂಗಡೀಲಿ ಎಲುಬು ಕಡಿಯೋಕೆ ಯಾವ ಕತ್ತಿ ತಗೋತೀರಿ?"

"ಅಪ್ಪಂದು. ಯಾಕೆ?"

"ಗೋಡೇಲಿ ಹೊಳೆಯೋದು ನೇತು ಹಾಕಿದ್ದೀರಲ್ಲ, ಅದು?"

"ಅದರಲ್ಲಿ ಎಲುಬು ಕಡಿದ್ರೆ ಬಾಯಿ ಮುರಿಯುತ್ತೆ." ರಾಟೊಮಿರ್ ಹಳದಿ ಹಲಗೆಯನ್ನು ಇನ್ನೊಮ್ಮೆ ನೋಡುತ್ತಾರೆ.

"ಹೋದ ವಾರ ನಾನು ಕೂಮ್‌ಗೆ ಹಲಗೆ ಕೊಟ್ಟೆ," ಎನ್ನುತ್ತಾರೆ ಮಿಲುಂಕಾ, ಆಗಲೇ ಮಂಡಿಯೂರಿ ಕೂತು ಬೂಟಿನ ಲೇಸು ಸಡಿಲಿಸುತ್ತ. "ಈವತ್ತು ರಾಟೊಮಿರ್‌ಗೆ ಕೊಡ್ತಿದೀನಿ. ಕಾಲು ಒಳಗೆ ಹಾಕಿ. ಬೆರಳು ಮಡಚಿಕೊಂಡಿದ್ಯಾ? ಬಿಗಿ ಇರ್ಬೇಕು, ನೋವಾಗಬಾರ್ದು."

"ಇಲ್ಲ."

"ಇಲ್ಲ ಅಂದ್ರೆ ಏನು, ಬಿಗಿ ಇಲ್ವೋ, ನೋವಿಲ್ವೋ?"

"ನೋವಿಲ್ಲ ತಾಯಿ! ಬಿಡಿ ನನ್ನ!"

ಮೊದಲ ಸಲ ಕಟ್ಟೆಯಿಂದ ಹಗ್ಗ ಎಳೆದಾಗ ರಾಟೊಮಿರ್ ಗಾಬರಿಯಲ್ಲಿ ಹಿಡಿಯನ್ನು ಎದೆಗೆ ಎಳೆದುಕೊಂಡು ಹಿಂದಕ್ಕೆ ಬೀಳುತ್ತಾರೆ. ಅಂಗಳದಲ್ಲಿ ಯಾರೋ ನಗುತ್ತಾರೆ. ಮಿಲುಂಕಾ ಶೆಡ್ಡು ಬಿಟ್ಟು ಕಟ್ಟೆಗೇ ಬಂದಿದ್ದಾರೆ. ಗಿರಾಕಿಗಳನ್ನು ನಿಲ್ಲಿಸಿ ಅವರು ಹೀಗೆ ಬಂದದ್ದನ್ನು ಇಲ್ಲಿ ಯಾರೂ ನೋಡಿಲ್ಲ. "ಹಲಗೆ ಮೂತಿ ಕುಕ್ಕಿತಾ?" ಎಂದು ಕೂಗುತ್ತಾರೆ.

ರಾಟೊಮಿರ್ ನೀರು ಉಗುಳುತ್ತಾರೆ. "ಇಲ್ಲ. ತೇಲ್ತಾ ಇದೆ."

"ಹಾಗಾದ್ರೆ ಈ ಸಲ ಬಿದ್ದದ್ದು ನಿಮ್ಮ ಕೈ ತಪ್ಪು. ತೋಳು ನೆಟ್ಟಗೆ ಬಿಡಿ, ಮಂಡಿ ಮಡಚಿ, ಕುರ್ಚಿ ಮೇಲೆ ಕೂತ ಹಾಗೆ. ಎದ್ದೇಳೋಕೆ ಅವಸರ ಮಾಡ್ಬೇಡಿ."

ಎರಡನೇ ಸಲ ಹಗ್ಗ ನಿಧಾನ ಬರುತ್ತದೆ. ಮೋಟಾರಿನ ಸದ್ದು ತಗ್ಗಿದೆ. ಓಗ್ನೆನ್ ಯಾರಿಗೂ ಹೇಳದೆ ವೇಗ ಇಳಿಸಿದ್ದಾನೆ. ಹಳದಿ ಹಲಗೆ ನೀರಿಗೆ ಇಳಿಯುತ್ತದೆ, ಅದುರುತ್ತದೆ, ಮುಳುಗುವುದಿಲ್ಲ. ರಾಟೊಮಿರ್ ಕೂತೇ ಹೋಗುತ್ತಾರೆ, ಆಮೇಲೆ ಅರ್ಧ ಎದ್ದು, ಪಾಯಿಖಾನೆಗೆ ಕೂತವರ ಹಾಗೆ, ಹೋಗುತ್ತಲೇ ಇರುತ್ತಾರೆ. ಮೊದಲ ಕಂಬ ದಾಟುತ್ತಾರೆ. ನಗುತ್ತಿದ್ದವರು ಕಟ್ಟೆಯ ಅಂಚಿಗೆ ಬಂದಿದ್ದಾರೆ. ಎರಡನೇ ಕಂಬದ ತಿರುವಿನಲ್ಲಿ ಹಗ್ಗ ಜೋರಾಗಿ ಜಗ್ಗುತ್ತದೆ. ಅವರು ಬಾಗುತ್ತಾರೆ, ನೆಟ್ಟಗಾಗುತ್ತಾರೆ. ಮೂರನೆಯದರಲ್ಲಿ ಬೀಳುತ್ತಾರೆ, ದೊಡ್ಡದಾಗಿ, ಆಚೆ ದಡದ ಜೊಂಡಿನ ಪಕ್ಕ.

ಹಲಗೆ ಹೊತ್ತು ದಡದುದ್ದಕ್ಕೂ ನಡೆದು ವಾಪಸು ಬರಲು ರಾಟೊಮಿರ್‌ಗೆ ಬಹಳ ಹೊತ್ತು ಹಿಡಿಯುತ್ತದೆ. ಮೋಟಾರ್ ಕೋಣೆಯ ಮೆಟ್ಟಿಲ ಬಳಿ ನಿಲ್ಲುತ್ತಾರೆ. ಓಗ್ನೆನ್ ಇಳಿದು ಬಂದಿದ್ದಾನೆ, ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಪ್ಯಾಂಟಿಗೆ ಒರೆಸುತ್ತಿದ್ದಾನೆ.

"ಮೂರನೇ ಕಂಬದ ಹತ್ರ ಯಾಕೋ ಅಷ್ಟು ಜೋರು ಎಳೆದೆ, ಕತ್ತೆ?"

"ನಾನು ಎಳೀಲಿಲ್ಲ ಕೂಮರೇ, ಅಲ್ಲಿ ತಿರುವೇ ಹಾಗೆ."

"ತಿರುವೇ ಹಾಗಂತೆ." ರಾಟೊಮಿರ್ ಕೂದಲಿನ ನೀರು ಕೊಡವುತ್ತಾರೆ. "ಮನೇಲಿ ಕಾಫಿ ಇಟ್ಟಿದ್ದಾಳಾ ನಿನ್ನ ಹೆಂಡ್ತಿ, ಇಲ್ಲ ಅದನ್ನೂ ನಾನೇ ಮಾಡ್ಕೋಬೇಕಾ?"

ಇಬ್ಬರೂ ಓಗ್ನೆನ್‌ನ ಮನೆಯ ದಾರಿ ಹಿಡಿಯುತ್ತಾರೆ. ಓಗ್ನೆನ್ ಟವೆಲ್ ತೆಗೆದು ಅವರ ಹೆಗಲಿಗೆ ಹೊದಿಸುವುದು ಇಲ್ಲಿಂದಲೇ ಕಾಣುತ್ತದೆ. ಹಲಗೆ ಮೆಟ್ಟಿಲ ಮೇಲೇ ಉಳಿದಿದೆ. ಮಿಲುಂಕಾ ಹೋಗಿ ಎತ್ತಿ ತರುತ್ತಾರೆ, ಜೊಂಡಿನ ಎಲೆ ತೆಗೆದು ನಲ್ಲಿಯ ಕೆಳಗೆ ಹಿಡಿಯುತ್ತಾರೆ. ಬಾಗಿಲಲ್ಲಿ ಸಾಲು ಬೆಳೆದಿದೆ. ಮುಂದಿರುವ ಲಾರಿ ಚಾಲಕ ಸುಮಾರು ಅದೇ ಗಾತ್ರದವನು, ತಕ್ಕಡಿಯನ್ನು ಅನುಮಾನದಿಂದ ನೋಡುತ್ತಿದ್ದಾನೆ.

ನಿಮಗೇನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಹೊಸ ಶೆಡ್ಡು, ಚಳಿಗಾಲದ ಸಂಬಳ, ಗೋಡೆಯಲ್ಲೊಂದು ಚಿತ್ರ?

"ಬಾಗಿಲು ಸರಿ ಮಾಡಿಸಿಕೊಟ್ರೆ ಸಾಕು," ಎಂದು ಮಿಲುಂಕಾ ಹಲಗೆಯ ಅಡಿಯನ್ನು ಅಂಗೈಯಿಂದ ಒರೆಸುತ್ತಾರೆ. ಲಾರಿ ಚಾಲಕನಿಗೆ ತಕ್ಕಡಿ ತೋರಿಸುತ್ತಾರೆ. "ಬೀಳೋದು ಎಲ್ರೂ ಬೀಳ್ತಾರಪ್ಪ. ಅವರ ತಪ್ಪಿಂದ ಬೀಳ್ಲಿ. ನನ್ನಿಂದ ಬೀಳದಿದ್ರೆ ಸಾಕು."