ಬ್ರೆಡ್ ತರಲು ಹೋಗಿದ್ದಾರೆ

ದ್ವೀಪದಲ್ಲಿ ವಾಸ ಮಾಡುವವರು ರಜೆಗೆಂದು ಸಮುದ್ರ ನೋಡಲು ಗೋವೆಗೆ ಬಂದರೆ ಯಾರಿಗಾದರೂ ನಗು ಬರುತ್ತದೆ. ಮಡಗಾಂವಿನ ಫ್ಲ್ಯಾಟಿನ ಬಾಗಿಲು ತೆರೆದ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ನಮ್ಮ ಕೈಯ ಚೀಲ ಇಸಕೊಳ್ಳುವ ಮೊದಲೇ ನಕ್ಕರು.

"ಸಮುದ್ರದ ನಡುವ ಮನಿ ಮಾಡ್ಕೊಂಡು ಕುಂತೋರು ಇಲ್ಲಿಗೆ ಸಮುದ್ರ ನೋಡಾಕ ಬಂದೀರಿ! ಭಾಳ ಶಾಣ್ಯಾರ ಬಿಡ್ರಿ."

ನನ್ನ ಗಂಡ ನೌಕಾಪಡೆಯವರು. ಪರದೇಶದ ಒಂದು ಸಣ್ಣ ದ್ವೀಪದ ನಾವಿಕರಿಗೆ ತರಬೇತಿ ಕೊಡಲು ಅವರನ್ನು ಕಳಿಸಿದ್ದರು. ನಾನೂ ನಾಲ್ಕು ವರ್ಷದ ಮಗಳೂ ಅವರ ಜೊತೆಗೆ ಹೋಗಿದ್ದೆವು. ಜೊತೆ ಎನ್ನುವುದು ಹೇಳಿಕೊಳ್ಳಲಿಕ್ಕೆ ಅಷ್ಟೇ. ಎರಡು ವಾರ ಮನೆಯಲ್ಲಿದ್ದರೆ ಎರಡು ವಾರ ಗಸ್ತಿನ ಹಡಗಿನಲ್ಲಿ. ಹಾಗಾಗಿ ನನ್ನ ಮಟ್ಟಿಗೆ ಈ ರಜೆ ಇದ್ದದ್ದು ಸಮುದ್ರಕ್ಕಲ್ಲ, ಮಗಳಿಗೆ ಅಪ್ಪ ಸಿಗಲಿ ಎಂದು. ಅವಳು ಏಳುವಾಗಲೂ ಅಪ್ಪ ಇರಬೇಕು, ಮಲಗುವಾಗಲೂ ಇರಬೇಕು. ಆಸೆ ಇಷ್ಟೇ ಇತ್ತು.

ದ್ವೀಪದ ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಪದ್ಧತಿಯಿತ್ತು. ಹಿರಿಯ ಹೆಂಗಸರು ಹೊಸದಾಗಿ ಬಂದವರಿಗೆ ಅದನ್ನು ಅಡುಗೆ ಹೇಳಿಕೊಟ್ಟಷ್ಟೇ ಸಲೀಸಾಗಿ ಹೇಳಿಕೊಡುತ್ತಿದ್ದರು. ಗಂಡ ಹಡಗಿಗೆ ಹೊರಡಬೇಕಾದದ್ದು ಮಗು ಮಲಗಿರುವಾಗ. ಬ್ಯಾಗನ್ನು ಹಿಂದಿನ ದಿನವೇ ಪಕ್ಕದ ಮನೆಗೆ ದಾಟಿಸಿರಬೇಕು. ಬೂಟು ಒಳಗೆ ಹಾಕಿಕೊಳ್ಳಬಾರದು, ಮೆಟ್ಟಿಲ ಮೇಲೆ ಹಾಕಿಕೊಳ್ಳಬೇಕು. ಮಗು ಎದ್ದು ಕೇಳಿದರೆ ಯಾವುದಾದರೂ ಸಣ್ಣ ಕೆಲಸದ ಹೆಸರು ಹೇಳಬೇಕು. ನಾನು ಆರಿಸಿಕೊಂಡದ್ದು ಬ್ರೆಡ್. "ಪಪ್ಪಾ ಬ್ರೆಡ್ ತರಾಕ ಹೋಗ್ಯಾರ." ಇವರೂ ಪಾಪ, ವಾರಗಟ್ಟಲೆ ನೀರಿನ ಮೇಲಿದ್ದು ಬಂದರಿನಿಂದ ಬರುವಾಗ ಒಂದು ಬ್ರೆಡ್ ಹಿಡಿದುಕೊಂಡೇ ಬರುತ್ತಿದ್ದರು. ಅಳು ಇಲ್ಲ, ರಂಪ ಇಲ್ಲ. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡಿದ್ದೆವು.

ಮಡಗಾಂವಿಗೆ ಬಂದ ಮರುದಿನ ಬೆಳಿಗ್ಗೆ ಪಾವ್ ಮಾರುವವನ ಸೈಕಲ್ ಹಾರ್ನ್ ಕೇಳಿಸಿತು. ಇವರು ಲುಂಗಿಯಲ್ಲೇ ಕೆಳಗಿಳಿದರು. ಅಷ್ಟರಲ್ಲಿ ಮಗಳು ಕಣ್ಣುಜ್ಜುತ್ತ ಎದ್ದು ಬಂದು, ಪಪ್ಪಾ ಎಲ್ಲಿ ಎಂದಳು. ಒಲೆಯ ಮುಂದಿದ್ದ ವೈನಿ ತಿರುಗಿಯೂ ನೋಡದೆ, "ಪಾವ್ ತರಾಕ ಹೋಗ್ಯಾರ ನೋಡವ್ವಾ. ಪಾವ್ ಅಂದ್ರ ಬ್ರೆಡ್ ಇದ್ದಂಗ," ಎಂದರು.

ಮಗಳು ಅಳಲಿಲ್ಲ. ಗೋಡೆಗೆ ಒರಗಿ ಕುಳಿತುಬಿಟ್ಟಳು. ಸ್ವಲ್ಪ ಹೊತ್ತಿಗೆ ಇವರು ಬಿಸಿ ಪಾವಿನ ಪೊಟ್ಟಣ ಹಿಡಿದು ಒಳಗೆ ಬಂದರೆ ಓಡಿ ಹೋಗಲಿಲ್ಲ. ಇಷ್ಟು ಬೇಗ ಹೇಗೆ ಬಂದರು ಎಂಬಂತೆ ಅನುಮಾನದಿಂದ ನೋಡಿ, ಆಮೇಲೆ ಮೆಲ್ಲಗೆ ಹೋಗಿ ಲುಂಗಿಯ ಅಂಚು ಹಿಡಿದುಕೊಂಡಳು. ವೈನಿ ನನ್ನ ಮುಖ ನೋಡಿದರು. ನಮ್ಮ ಬ್ರೆಡ್ಡಿನ ಕಥೆ ಹೇಳಲೇಬೇಕಾಯಿತು.

"ಹಡಗಾ ನಡಸೋರಿಗೆ ಒಂದು ಕೂಸಿಗೆ ಖರೇ ಹೇಳಾಕ ಆಗೂದಿಲ್ಲೇನು?" ಎಂದರು ವೈನಿ.

"ಅಕಿ ಅಳೂದು ಕೇಳಾಕಿ ನಾನು, ನೀವಲ್ಲರಿ ವೈನಿ," ಎಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ವೈನಿ ಮತ್ತೆ ಒಲೆಯ ಕಡೆ ತಿರುಗಿದರು. ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಆ ದಿನದಿಂದ ಮಗಳು ಹಗಲು ಮಲಗುವುದನ್ನೇ ಬಿಟ್ಟಳು. ಮಡಗಾಂವಿನಲ್ಲಿ ಊಟವಾದ ಮೇಲೆ ಅಂಗಡಿಗಳೇ ಬಾಗಿಲು ಹಾಕಿಕೊಂಡು ಮಲಗುತ್ತವೆ. ಅಣ್ಣನ ಮನೆಗೂ ಆ ಅಭ್ಯಾಸ ಹತ್ತಿತ್ತು. ಎಲ್ಲರೂ ಫ್ಯಾನಿನ ಕೆಳಗೆ ಗೊರಕೆ ಹೊಡೆಯುವಾಗ ಇವಳೊಬ್ಬಳು ಅಪ್ಪನ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಕೋಲ್ವಾ ಬೀಚಿನಲ್ಲಿ ಮರಳಿನ ಮೇಲೆ ಕೂತಲ್ಲೇ ತೂಕಡಿಸುವಳು, ಬೆಚ್ಚಿ ಏಳುವಳು. ಸರ ಮಾರಲು ಬಂದ ಗದಗ ಕಡೆಯ ಹೆಂಗಸೊಬ್ಬಳು, "ಕೂಸಿನ ಕಣ್ಣು ಮುಚ್ಚಾಕತ್ತಾವರಿ, ಮನಿಗಿ ಕರ್ಕೊಂಡು ಹೋಗ್ರಿ," ಎಂದಳು. "ನಂಗ ನಿದ್ದಿ ಬಂದಿಲ್ಲ!" ಎಂದು ಇವಳು ಅವಳ ಮೇಲೇ ಹರಿಹಾಯ್ದಳು. ಬೈದೆ, ಮುದ್ದು ಮಾಡಿದೆ, ಇವರು ಹೆಗಲ ಮೇಲೆ ಹಾಕಿಕೊಂಡು ನೀರಿನಂಚಿನಲ್ಲಿ ಓಡಾಡಿದರು. ಏನೂ ಉಪಯೋಗವಾಗಲಿಲ್ಲ. ಆ ರಜೆಯ ಫೋಟೋಗಳನ್ನು ನೋಡಲು ನನಗೆ ಈಗಲೂ ಸಂಕಟವಾಗುತ್ತದೆ. ಎಲ್ಲದರಲ್ಲೂ ಅವಳ ಕಣ್ಣುಗಳು ಕೆಂಪಾಗಿವೆ.

ಇಷ್ಟರ ಮೇಲೆ ರಜೆ ಅರ್ಧಕ್ಕೆ ನಿಂತಿತು. ಹಡಗು ಮೊದಲೇ ಹೊರಡಲಿದೆ, ಕೂಡಲೇ ಬರಬೇಕು ಎಂದು ಇವರಿಗೆ ಫೋನ್ ಬಂತು. ನಾನೂ ಮಗಳೂ ಆಮೇಲೆ ಹೋಗುವುದೆಂದಾಯಿತು. ಇವರು ನನ್ನನ್ನು ಅಡುಗೆಮನೆಗೆ ಕರೆದು, "ಅಕಿ ಮಲಗಿದಾಗ ಹೊಂಡ್ತೀನಿ," ಎಂದರು.

"ಮಲಗೂದು ಎಲ್ಲೈತಿ? ನೀವ ನೋಡಾಕತ್ತೀರಲ್ಲ. ಈ ಸಲ ಹೇಳೇ ಹೋಗ್ರಿ."

ಅವರು ಹೂಂ ಅಂದರು.

ಮರುದಿನ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿ ಕೆಳಗೆ ಬಂದು ನಿಂತಿತು. ಬ್ಯಾಗನ್ನು ನಡುಮನೆಯಲ್ಲೇ ಇಟ್ಟಿದ್ದೆ, ಮೊದಲ ಸಲ. ಇವರು ಮಗಳ ಎದುರು ನೆಲದ ಮೇಲೆ ಕುಳಿತರು. ಡೆಕ್ಕಿನ ಮೇಲೆ ಹತ್ತಾರು ಹುಡುಗರಿಗೆ ಕೂಗಿ ಆಜ್ಞೆ ಕೊಡುವ ಮನುಷ್ಯ ಪಿಸುಮಾತಿನಲ್ಲಿ ಹೇಳಿದರು.

"ಪುಟ್ಟಿ, ಪಪ್ಪಾ ಹಡಗಿಗಿ ಹೊಂಟಾನ. ಬರೂದಕ್ಕ ಭಾಳ ದಿನ ಆಗ್ತಾವ. ಆದ್ರ ಬರ್ತೀನಿ. ನಂಗ ಟಾಟಾ ಮಾಡ್ತಿ?"

ಅವಳು ಅತ್ತೇ ಅಳುತ್ತಾಳೆ, ಕಾಲು ಹಿಡಿದುಕೊಳ್ಳುತ್ತಾಳೆ ಎಂದು ನಾನೂ ವೈನಿಯೂ ಎರಡು ಕಡೆ ನಿಂತಿದ್ದೆವು. ಅವಳು ಬ್ಯಾಗನ್ನು ನೋಡಿದಳು. ಅಪ್ಪನನ್ನು ನೋಡಿದಳು. ಎದ್ದು ಹೋಗಿ ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಯನ್ನು ತಾನೇ ಬಿಚ್ಚಿದಳು. ಅದರ ಮೇಲೆ ಮಲಗಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದಳು.

"ನಾ ಮಲಗೇನಿ ಪಪ್ಪಾ. ಈಗ ಹೋಗು."

ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಇವರು ಚಾಪೆಯ ಪಕ್ಕ ಮೊಣಕಾಲೂರಿ ಕಾಯುತ್ತಿದ್ದರು. ಅವಳ ರೆಪ್ಪೆಗಳು ಅದುರುತ್ತಿದ್ದವು, ಆದರೆ ತೆರೆಯಲಿಲ್ಲ. ಕಣ್ಣು ತೆಗಿ ಪುಟ್ಟಿ ಎಂದು ಹೇಳಲು ಇವರಿಗೂ ನನಗೂ ಮುಖವಿರಲಿಲ್ಲ.