ಸವಣೂರಿನ ಮರದ ಕೆಳಗೆ ನಾನಾಡಿದ ಮಾತು

ಇವತ್ತು ಬೆಳಿಗ್ಗೆ ಮಕ್ಕಳನ್ನು ಸವಣೂರಿಗೆ ಕರೆದೊಯ್ಯಲು ಬುತ್ತಿ ಕಟ್ಟುತ್ತಿದ್ದೆ. ಗುರೆಳ್ಳು ಚಟ್ನಿಯ ಘಮ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತುಬಿಟ್ಟಿತು.

ದಸರಾ ರಜೆಯಲ್ಲಿ ಅವ್ವ ನಮ್ಮನ್ನೂ ಹೀಗೇ ಕರೆದೊಯ್ಯುತ್ತಿದ್ದಳು. ದುಂಡಸಿಯಿಂದ ಸರ್ಕಾರಿ ಬಸ್ಸು, ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ರೊಟ್ಟಿ, ಸವಣೂರಿನ ದೊಡ್ಡಹುಣಸೆ ಮರಗಳ ನೆರಳು. ವರ್ಷವಿಡೀ ಹೊಲದಲ್ಲಿ ಬಗ್ಗಿರುತ್ತಿದ್ದ ಅವ್ವ ಅಲ್ಲಿ ಮಾತ್ರ ಹುಡುಗಿಯಾಗುತ್ತಿದ್ದಳು. ಎಲ್ಲರೂ ಕೈಕೈ ಹಿಡಿದು ಆ ದಪ್ಪ ಬೊಡ್ಡೆಯನ್ನು ಸುತ್ತುವರಿಯುವುದು ಅವಳ ಆಟ.

ಒಂದು ಸಲ ನಮಗೆ ಜನ ಸಾಲಲಿಲ್ಲ. ಅವ್ವ ಸೆರಗು ಸಿಕ್ಕಿಸಿ, ಪಕ್ಕದಲ್ಲಿ ಕೂತಿದ್ದವರಿಗೆ "ಬರ್ರಿ, ನೀವೂ ಕೈ ಹಿಡೀರಿ!" ಎಂದು ಕೂಗಿದಳು. ಅವರ ನಡುವೆ ನನ್ನ ಹೈಸ್ಕೂಲಿನ ಗೆಳತಿಯಿದ್ದಳು. ಓಡಿ ಬಂದವಳೇ ನಗುತ್ತ ಕೇಳಿದಳು: "ಇವರು ನಿಮ್ಮವ್ವ ಏನ?"

"ಅಲ್ಲ. ನಮ್ಮ ಹೊಲದ ಕೆಲಸಕ್ಕ ಬರೋ ಆಕಿ" ಎಂದೆ.

ಅವ್ವನಿಗೆ ಕೇಳಿಸಿತು. ಚಾಚಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡು, "ಹೌದವಾ, ಕೆಲಸದಾಕಿ" ಎಂದಳು.

ಮರುವರ್ಷದಿಂದ ಅವಳು ಬುತ್ತಿಯನ್ನಷ್ಟೇ ಕಟ್ಟಿಕೊಟ್ಟು, "ಅಪ್ಪನ ಕೂಡ ಹೋಗಿ ಬರ್ರಿ, ನನಗ ಕೆಲಸ ಐತಿ" ಎನ್ನುತ್ತಿದ್ದಳು. ಅಪ್ಪನಿಗೆ ಕಾರಣವನ್ನು ಎಂದೂ ಹೇಳಲಿಲ್ಲ.

ಇವತ್ತು ಬುತ್ತಿಯ ಗಂಟು ಬಿಗಿಯುತ್ತ, ಒಲೆಯ ಮುಂದೆ ಕೂತಿದ್ದ ಅವ್ವನಿಗೆ, "ಅವ್ವಾ, ನೀನೂ ಬಾ" ಎಂದೆ.

"ಮೊದಲ ನಿನ್ನ ಮಕ್ಕಳನ್ನ ಕೇಳವಾ. ಅವರಿಗೆ ನಾಚಿಕಿ ಆಗಬಾರದು ನೋಡು" ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.